ಮಾರುಕಟ್ಟೆಯ ಗಡಿ ಎಲ್ಲಿದೆ? ಚಿಲ್ಲರೆ ವ್ಯಾಪಾರದ ಸ್ವಾಧೀನಗಳು, ಸ್ಪರ್ಧಾ ಕಾಯ್ದೆ ಮತ್ತು ನಮ್ಮ ಊರಿನ ಅಂಗಡಿಗಳು

2025ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದ ಹಲವು ಉಚ್ಚ ನ್ಯಾಯಾಲಯಗಳಲ್ಲಿ ಹರಡಿಕೊಂಡಿದ್ದ ಇಪ್ಪತ್ತಕ್ಕೂ ಹೆಚ್ಚು ಅರ್ಜಿಗಳನ್ನು ಒಟ್ಟುಗೂಡಿಸಿ ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ ವರ್ಗಾಯಿಸಿತು. ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಸಂಸ್ಥೆಗಳ ವ್ಯಾಪಾರ ರೀತಿಯ ಬಗ್ಗೆ ಭಾರತೀಯ ಸ್ಪರ್ಧಾ ಆಯೋಗ ನಡೆಸಿದ ತನಿಖೆಯನ್ನು ಪ್ರಶ್ನಿಸಿದ ಅರ್ಜಿಗಳು ಅವು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ, ದಿನಬಳಕೆಯ ಸರಕುಗಳ ವಿತರಕರ ಅಖಿಲ ಭಾರತ ಒಕ್ಕೂಟವು ಹತ್ತು ನಿಮಿಷಗಳಲ್ಲಿ ಸಾಮಾನು ತಂದುಕೊಡುವ ಬ್ಲಿಂಕಿಟ್, ಜೆಪ್ಟೊ ಮತ್ತು ಸ್ವಿಗ್ಗಿ ಇನ್‌ಸ್ಟಾಮಾರ್ಟ್‌ಗಳ ವಿರುದ್ಧ ಅದೇ ಆಯೋಗದ ಬಾಗಿಲು ತಟ್ಟಿತು.

ದೆಹಲಿಯ ಆಯೋಗ, ಬೆಂಗಳೂರಿನ ನ್ಯಾಯಾಲಯ, ಸಾವಿರಾರು ಕೋಟಿ ರೂಪಾಯಿಗಳ ಕಂಪನಿಗಳು. ಮಂಜೇಶ್ವರದಲ್ಲಿಯೋ ತಾಳವಾಡಿಯಲ್ಲಿಯೋ ಜತ್ತದಲ್ಲಿಯೋ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ಕುಟುಂಬಕ್ಕೆ ಇದರಿಂದೇನು ಎಂದು ಪೋಷಕರು ಕೇಳಬಹುದು. ನಮ್ಮ ಶಾಲೆಗಳ ಹಾಜರಿ ಪುಸ್ತಕವನ್ನು ತೆರೆದು ನೋಡಿದರೆ ಉತ್ತರದ ಅರ್ಧ ಸಿಗುತ್ತದೆ. ದಿನಸಿ ಅಂಗಡಿ, ಬಟ್ಟೆ ಅಂಗಡಿ, ಪುಸ್ತಕದ ಅಂಗಡಿ ನಡೆಸುವವರ ಮಕ್ಕಳು, ಆ ಅಂಗಡಿಗಳಲ್ಲಿ ದುಡಿಯುವವರ ಮಕ್ಕಳು, ಅವಕ್ಕೆ ಸರಕು ಸಾಗಿಸುವ ಗಾಡಿ ಓಡಿಸುವವರ ಮಕ್ಕಳು ನಮ್ಮ ತರಗತಿಗಳಲ್ಲಿ ಇದ್ದಾರೆ. ಉತ್ತರದ ಇನ್ನರ್ಧ ಕಾನೂನಿನೊಳಗೇ ಇದೆ. ಈ ವ್ಯಾಜ್ಯಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ 'ಮಾರುಕಟ್ಟೆ ಎಂದರೆ ಎಲ್ಲಿಂದ ಎಲ್ಲಿಯವರೆಗೆ?' ಎಂಬುದು. ಗೆರೆಯನ್ನು ಎಲ್ಲಿ ಎಳೆಯುತ್ತಾರೆ ಎಂಬುದರ ಮೇಲೆ ಒಬ್ಬನು ಬಹುಸಂಖ್ಯಾತನೋ ಅಲ್ಪಸಂಖ್ಯಾತನೋ ಎಂಬುದು ತೀರ್ಮಾನವಾಗುತ್ತದೆ. 1956ರಿಂದ ಇದನ್ನು ಅನುಭವಿಸಿ ಬಲ್ಲವರು ನಾವು. ಕಂಪನಿಗಳ ವಿಷಯದಲ್ಲಿಯೂ ಅಷ್ಟೇ. ಗೆರೆಯನ್ನು ಇಡೀ ದೇಶದ ಸುತ್ತ ಎಳೆದರೆ ಯಾವ ದೈತ್ಯನೂ ಚಿಕ್ಕವನಾಗಿ ಕಾಣುತ್ತಾನೆ. ಒಂದು ತಾಲ್ಲೂಕು ಪಟ್ಟಣದ ಸುತ್ತ ಎಳೆದರೆ ಅವನೇ ಒಡೆಯನಾಗಿ ಕಾಣಬಹುದು.

ಕಾಯ್ದೆ ಹೇಳುವುದೇನು?

ಸ್ವಾತಂತ್ರ್ಯಾನಂತರದ ಭಾರತವು 1969ರಲ್ಲಿ ಏಕಸ್ವಾಮ್ಯ ನಿಯಂತ್ರಣದ ಕಾಯ್ದೆಯನ್ನು ತಂದಿತು. ದೊಡ್ಡದಾಗಿ ಬೆಳೆಯುವುದನ್ನೇ ಅದು ಅನುಮಾನದಿಂದ ಕಂಡಿತು. ಉದಾರೀಕರಣದ ಬಳಿಕ ಅದರ ಜಾಗಕ್ಕೆ 2002ರ ಸ್ಪರ್ಧಾ ಕಾಯ್ದೆ ಬಂತು. ಇದರ ದೃಷ್ಟಿ ಬೇರೆ: ದೊಡ್ಡದಾಗುವುದು ತಪ್ಪಲ್ಲ, ದೊಡ್ಡತನವನ್ನು ದುರುಪಯೋಗಪಡಿಸಿಕೊಳ್ಳುವುದು ತಪ್ಪು.

ಕಾಯ್ದೆಗೆ ಮುಖ್ಯವಾಗಿ ಮೂರು ಬಾಗಿಲುಗಳಿವೆ. 3ನೆಯ ಕಲಮು ಸ್ಪರ್ಧೆಗೆ ಧಕ್ಕೆ ತರುವ ಒಪ್ಪಂದಗಳನ್ನು ತಡೆಯುತ್ತದೆ. 4ನೆಯ ಕಲಮು ಪ್ರಬಲ ಸ್ಥಾನದ ದುರುಪಯೋಗವನ್ನು ನಿಷೇಧಿಸುತ್ತದೆ. ಪ್ರತಿಸ್ಪರ್ಧಿಯನ್ನು ಹೊಸಕಿಹಾಕುವ ಉದ್ದೇಶದಿಂದ ಅಸಲಿಗಿಂತ ಕಡಿಮೆ ಬೆಲೆಗೆ ಮಾರುವುದೂ ಇದರಲ್ಲಿ ಸೇರಿದೆ. 5 ಮತ್ತು 6ನೆಯ ಕಲಮುಗಳು ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ, ವ್ಯವಹಾರ ನಿಗದಿತ ಗಾತ್ರವನ್ನು ಮೀರಿದ್ದರೆ, ಆಯೋಗದ ಅನುಮತಿಯನ್ನು ಮುಂಗಡವಾಗಿ ಪಡೆಯಬೇಕೆನ್ನುತ್ತವೆ. ಮೊದಲೆರಡು ರೋಗ ಬಂದ ಮೇಲಿನ ಚಿಕಿತ್ಸೆ. ಮೂರನೆಯದು ಹೊಸ್ತಿಲಲ್ಲಿಯೇ ನಡೆಯುವ ತಪಾಸಣೆ.

ಯಾರು 'ಪ್ರಬಲ' ಎಂದು ತೀರ್ಮಾನಿಸಲು ಆಯೋಗವು ಮೊದಲು 'ಸಂಬಂಧಿತ ಮಾರುಕಟ್ಟೆ'ಯನ್ನು ಗುರುತಿಸಬೇಕು. ಯಾವ ಸರಕಿನ ಮಾರುಕಟ್ಟೆ ಎಂಬುದು ಒಂದು, ಯಾವ ಪ್ರದೇಶದ ಮಾರುಕಟ್ಟೆ ಎಂಬುದು ಇನ್ನೊಂದು. ಪ್ರದೇಶವನ್ನು ಗುರುತಿಸುವಾಗ ಗಮನಿಸಬೇಕಾದ ಅಂಶಗಳನ್ನು 19ನೆಯ ಕಲಮಿನ 6ನೆಯ ಉಪಕಲಮು ಪಟ್ಟಿಮಾಡಿದೆ. ಸಾಗಾಟದ ವೆಚ್ಚ, ವಿತರಣೆಯ ಅನುಕೂಲ, ಗ್ರಾಹಕರ ಒಲವು ಮುಂತಾದವು ಅದರಲ್ಲಿವೆ. ಆ ಪಟ್ಟಿಯಲ್ಲಿ ಒಂಟಿಯಾಗಿ ನಿಂತ ಒಂದು ಪದವಿದೆ: ಭಾಷೆ. ಸಂಸತ್ತು ಅಂಗೀಕರಿಸಿದ ಆರ್ಥಿಕ ಕಾನೂನೊಂದು, ಜನರಾಡುವ ಭಾಷೆಯೂ ಮಾರುಕಟ್ಟೆಯ ಗಡಿಯನ್ನು ನಿರ್ಧರಿಸಬಲ್ಲದು ಎಂದು ಒಪ್ಪಿಕೊಂಡಿದೆ. ಗಡಿನಾಡಿನವರಾದ ನಾವು ಈ ಪದವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಒಂದು ಲೆಕ್ಕ

ಮಕ್ಕಳಿಗೆ ಶೇಕಡಾವಾರು ಹೇಳಿಕೊಡುವಾಗ ಮಾಡಿಸುವಂಥ ಸರಳ ಲೆಕ್ಕವೊಂದನ್ನು ಇಲ್ಲಿ ಮಾಡೋಣ. ಅಂಕಿಗಳು ಕೇವಲ ಊಹೆಯವು. ಒಂದು ಪಟ್ಟಣದಲ್ಲಿ ತಿಂಗಳಿಗೆ ಐದು ಕೋಟಿ ರೂಪಾಯಿಯ ದಿನಸಿ ವ್ಯಾಪಾರ ನಡೆಯುತ್ತದೆ ಎನ್ನಿ. ಹೊಸದಾಗಿ ಬಂದ ಸರಣಿ ಮಳಿಗೆಯೊಂದು ಅದರಲ್ಲಿ ಮೂರು ಕೋಟಿಯನ್ನು ಸೆಳೆದುಕೊಂಡಿತು. ಪಟ್ಟಣದ ಲೆಕ್ಕದಲ್ಲಿ ಅದರ ಪಾಲು ಶೇ 60. ಆ ಜಿಲ್ಲೆಯ ಒಟ್ಟು ವ್ಯಾಪಾರ ನೂರು ಕೋಟಿಯಾಗಿದ್ದು, ಮಳಿಗೆ ಬೇರೆಲ್ಲಿಯೂ ಇಲ್ಲದಿದ್ದರೆ, ಜಿಲ್ಲೆಯ ಲೆಕ್ಕದಲ್ಲಿ ಅದರ ಪಾಲು ಶೇ 3. ರಾಜ್ಯದ ಲೆಕ್ಕಕ್ಕೆ ಹೋದರೆ ದಶಾಂಶ ಬಿಂದುವಿನ ಆಚೆ ಹುಡುಕಬೇಕು. ಅಂಗಡಿ ಅದೇ, ಮಾರಾಟ ಅದೇ, ಊರಿನವರ ಅವಲಂಬನೆಯೂ ಅದೇ. ಬದಲಾದದ್ದು ಛೇದ ಮಾತ್ರ.

ಸಂಬಳ ಬಂದ ದಿನ ಅಕ್ಕಿ ಬೇಳೆ ತರುವ ತಾಯಿಗೆ ಮಾರುಕಟ್ಟೆಯೆಂದರೆ ನಡೆದೋ ಬಸ್ಸಿನಲ್ಲೋ ಹೋಗಿ ಬರಬಹುದಾದ ದೂರ. ಛೇದದಲ್ಲಿ ಇಡೀ ದೇಶವನ್ನು ಇಟ್ಟಾಗ ಅವಳ ಮಾರುಕಟ್ಟೆ ಲೆಕ್ಕದಿಂದ ಮಾಯವಾಗುತ್ತದೆ.

ಗೆರೆ ಬದಲಾದಾಗ ಉತ್ತರವೂ ಬದಲಾಯಿತು

ಆಯೋಗವೇ ಈ ಗೆರೆಯನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕಡೆ ಎಳೆದಿದೆ. 2014ರಲ್ಲಿ ಸ್ನ್ಯಾಪ್‌ಡೀಲ್‌ಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ, ಅಂಗಡಿಯ ವ್ಯಾಪಾರ ಮತ್ತು ಆನ್‌ಲೈನ್ ವ್ಯಾಪಾರ ಎರಡು ಬೇರೆ ಮಾರುಕಟ್ಟೆಗಳಲ್ಲ, ಒಂದೇ ಸರಕನ್ನು ತಲುಪಿಸುವ ಎರಡು ದಾರಿಗಳು ಎಂದಿತು. 2018ರ ನವೆಂಬರ್‌ನಲ್ಲಿ ಆನ್‌ಲೈನ್ ಮಾರಾಟಗಾರರ ಸಂಘವೊಂದು ಫ್ಲಿಪ್‌ಕಾರ್ಟ್ ಮೇಲೆ ತಂದ ದೂರಿನಲ್ಲಿ, ಆನ್‌ಲೈನ್ ಮಾರುಕಟ್ಟೆ ವೇದಿಕೆಗಳು ಕೊಡುವ ಸೇವೆಯನ್ನೇ ಒಂದು ಪ್ರತ್ಯೇಕ ಮಾರುಕಟ್ಟೆಯೆಂದು ಎಣಿಸಿತು. ಎಣಿಸಿಯೂ, ಫ್ಲಿಪ್‌ಕಾರ್ಟ್ ಅದರಲ್ಲಿ ಪ್ರಬಲವಲ್ಲ ಎಂದು ದೂರನ್ನು ಮುಕ್ತಾಯಗೊಳಿಸಿತು. ಆ ಆದೇಶದ ಮೇಲೆ ಮೇಲ್ಮನವಿಗಳು ನಡೆದವು.

ಅದೇ 2018ರಲ್ಲಿ ಇನ್ನೊಂದು ದೊಡ್ಡ ಘಟನೆ ನಡೆದಿತ್ತು. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್‌ನ ಸುಮಾರು ಶೇ 77 ಪಾಲನ್ನು ಅಮೆರಿಕದ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಕೊಂಡಿತು. ವ್ಯಾಪಾರಿ ಸಂಘಟನೆಗಳು ವಿರೋಧಿಸಿದವು. ಭಾರೀ ರಿಯಾಯಿತಿ, ಆಯ್ದ ಮಾರಾಟಗಾರರಿಗೆ ಮಾತ್ರ ಒಲವು ಎಂಬ ಆರೋಪಗಳು ಆಯೋಗದ ಮುಂದೆ ಬಂದವು. ಈ ಆತಂಕಗಳು ಸ್ವಾಧೀನದಿಂದ ಹುಟ್ಟಿದವಲ್ಲ, ಅವನ್ನು ಬೇರೆ ಕಲಮುಗಳ ಅಡಿಯಲ್ಲಿ ನೋಡಬೇಕು ಎಂದು ಹೇಳಿ ಆಯೋಗ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಹೊಸ್ತಿಲಲ್ಲಿ ಕೇಳಿದಾಗ 'ಒಳಗೆ ಕೇಳಿ' ಎಂಬ ಉತ್ತರ ಸಿಕ್ಕಿತು.

ಒಳಗೆ ಕೇಳಿದಾಗ ಏನಾಯಿತು? ದೆಹಲಿ ವ್ಯಾಪಾರ ಮಹಾಸಂಘದ ದೂರಿನ ಮೇಲೆ 2020ರ ಜನವರಿ 13ರಂದು ಆಯೋಗವು ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಎರಡರ ಮೇಲೂ ತನಿಖೆಗೆ ಆದೇಶಿಸಿತು. ಮೊಬೈಲ್ ಫೋನುಗಳನ್ನು ತಮ್ಮಲ್ಲಿ ಮಾತ್ರ ಬಿಡುಗಡೆ ಮಾಡಿಸಿಕೊಳ್ಳುವುದು, ಮೆಚ್ಚಿನ ಮಾರಾಟಗಾರರ ಸರಕನ್ನು ಮೇಲಕ್ಕೆ ತೋರಿಸುವುದು, ಭಾರೀ ರಿಯಾಯಿತಿ ಇವು ಮುಖ್ಯ ಆರೋಪಗಳು. ಮರು ತಿಂಗಳೇ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ತಡೆಯಾಜ್ಞೆ ಬಂತು. 2021ರ ಜೂನ್‌ನಲ್ಲಿ ಏಕಸದಸ್ಯ ಪೀಠವೂ ಜುಲೈಯಲ್ಲಿ ವಿಭಾಗೀಯ ಪೀಠವೂ ಕಂಪನಿಗಳ ವಾದವನ್ನು ತಳ್ಳಿಹಾಕಿದವು. ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಮಧ್ಯಪ್ರವೇಶಿಸಲಿಲ್ಲ. ತನಿಖಾ ವರದಿ ಸಿದ್ಧವಾದದ್ದು 2024ರಲ್ಲಿ. ಎರಡೂ ಸಂಸ್ಥೆಗಳು ಆಯ್ದ ಮಾರಾಟಗಾರರಿಗೆ ಒಲವು ತೋರಿ ಕಾಯ್ದೆಯನ್ನು ಉಲ್ಲಂಘಿಸಿವೆ ಎಂದು ಅದರಲ್ಲಿದೆಯೆಂದು ರಾಯಿಟರ್ಸ್ ಸುದ್ದಿಸಂಸ್ಥೆ ಪ್ರಕಟಿಸಿತು. ತನಿಖಾಧಿಕಾರಿಯ ವರದಿ ಅಂತಿಮ ತೀರ್ಪಲ್ಲ. ಕಂಪನಿಗಳು ಆರೋಪವನ್ನು ಒಪ್ಪಿಲ್ಲ. ಅದರ ಬೆನ್ನಿಗೇ ಹಲವು ರಾಜ್ಯಗಳಲ್ಲಿ ಹೊಸ ಅರ್ಜಿಗಳು ಬಂದವು. ಅವೇ ಈಗ ಬೆಂಗಳೂರಿಗೆ ವರ್ಗವಾದವು.

ತನಿಖೆ ಆದೇಶವಾದದ್ದು 2020ರ ಜನವರಿ, ಅರ್ಜಿಗಳು ವರ್ಗವಾದದ್ದು 2025ರ ಜನವರಿ. ಒಂದನೆಯ ತರಗತಿಗೆ ಸೇರಿದ ಮಗು ಐದನೆಯ ತರಗತಿ ಮುಗಿಸುವಷ್ಟು ಕಾಲ. ಈ ಐದು ವರ್ಷಗಳಲ್ಲಿ ವಾದದ ಬಹುಭಾಗ ನಡೆದದ್ದು ತಪ್ಪು ನಡೆದಿದೆಯೇ ಎಂಬುದರ ಬಗ್ಗೆ ಅಲ್ಲ, ತಪ್ಪು ನಡೆದಿದೆಯೇ ಎಂದು ನೋಡಬಹುದೇ ಎಂಬುದರ ಬಗ್ಗೆ.

ಇಬ್ಬರಿದ್ದರೆ ಯಾರೂ ಪ್ರಬಲರಲ್ಲ

2020ರ ಆ ತನಿಖೆ 3ನೆಯ ಕಲಮಿನ ಅಡಿ ನಡೆಯಿತು, 4ನೆಯದರ ಅಡಿ ಅಲ್ಲ. ಕಾರಣವನ್ನು ಪೋಷಕರು ತಿಳಿದಿರಬೇಕು. ನಮ್ಮ ಕಾಯ್ದೆಯ ಪ್ರಕಾರ ಪ್ರಬಲ ಸ್ಥಾನ ಒಂದು ಉದ್ಯಮಕ್ಕೆ ಅಥವಾ ಒಂದೇ ಒಡೆತನದ ಗುಂಪಿಗೆ ಮಾತ್ರ ಇರಬಲ್ಲದು. ಬೇರೆ ಬೇರೆ ಒಡೆತನದ ಎರಡು ಕಂಪನಿಗಳು ಮಾರುಕಟ್ಟೆಯನ್ನು ಹೆಚ್ಚುಕಡಿಮೆ ಹಂಚಿಕೊಂಡಿದ್ದರೆ, 'ನನ್ನ ಎದುರು ಅವನಿದ್ದಾನೆ' ಎಂದು ಇಬ್ಬರೂ ಹೇಳಬಹುದು. ಅವರ ಕೆಳಗಿರುವ ಮೂರನೆಯವನ ಸ್ಥಿತಿ ಏನೆಂಬ ಪ್ರಶ್ನೆ 4ನೆಯ ಕಲಮಿನಲ್ಲಿ ಏಳುವುದೇ ಇಲ್ಲ. ಈ ಕೊರತೆಯನ್ನು ತುಂಬಲು 2012ರ ತಿದ್ದುಪಡಿ ಮಸೂದೆಯಲ್ಲಿ, ಒಬ್ಬರೇ ಆಗಲಿ ಜಂಟಿಯಾಗಿ ಆಗಲಿ ಪ್ರಬಲರಾಗಿರಬಹುದು ಎಂಬ ಅರ್ಥದ ಮಾತನ್ನು ಸೇರಿಸಲು ಯತ್ನವಾಗಿತ್ತು. ಲೋಕಸಭೆಯ ಅವಧಿ ಮುಗಿದು ಮಸೂದೆ ಬಿದ್ದುಹೋಯಿತು. 2023ರ ತಿದ್ದುಪಡಿಯಲ್ಲಿ ಆ ಮಾತು ಮರಳಿ ಬರಲಿಲ್ಲ.

ಬಿಗ್ ಬಜಾರ್ ಕಲಿಸಿದ ಪಾಠ

ಸ್ವಾಧೀನದ ತಪಾಸಣೆ ಎಷ್ಟು ಗಟ್ಟಿ ಎಂಬುದನ್ನು ಅರಿಯಲು ಫ್ಯೂಚರ್ ಸಮೂಹದ ಕಥೆಗಿಂತ ಉತ್ತಮ ಉದಾಹರಣೆಯಿಲ್ಲ. ಕಿಶೋರ್ ಬಿಯಾನಿಯವರು 2001ರಲ್ಲಿ ಆರಂಭಿಸಿದ ಬಿಗ್ ಬಜಾರ್, ಮಧ್ಯಮ ವರ್ಗದ ಕುಟುಂಬಗಳಿಗೆ ದೊಡ್ಡ ಮಳಿಗೆಯಲ್ಲಿ ಸಾಮಾನು ಆರಿಸಿಕೊಳ್ಳುವ ಅಭ್ಯಾಸ ಹಿಡಿಸಿತು. ಸಾಲದ ಭಾರದಲ್ಲಿದ್ದ ಸಮೂಹಕ್ಕೆ ಕೋವಿಡ್ ಕಾಲದ ಮುಚ್ಚುಗಡೆ ದೊಡ್ಡ ಪೆಟ್ಟು ಕೊಟ್ಟಿತು.

ಅದಕ್ಕೂ ಮೊದಲು, 2019ರಲ್ಲಿ, ಅಮೆಜಾನ್ ಸಂಸ್ಥೆ ಫ್ಯೂಚರ್ ಕೂಪನ್ಸ್ ಎಂಬ ಸಮೂಹದ ಇನ್ನೊಂದು ಕಂಪನಿಯಲ್ಲಿ ಶೇ 49 ಪಾಲನ್ನು ಸುಮಾರು 1,400 ಕೋಟಿ ರೂಪಾಯಿಗೆ ಕೊಂಡಿತ್ತು. ಆ ಕಂಪನಿಯ ಕೈಯಲ್ಲಿ ಬಿಗ್ ಬಜಾರ್ ನಡೆಸುತ್ತಿದ್ದ ಫ್ಯೂಚರ್ ರಿಟೇಲ್‌ನ ಶೇ 10ಕ್ಕಿಂತ ಸ್ವಲ್ಪ ಕಡಿಮೆ ಪಾಲಿತ್ತು. 2020ರ ಆಗಸ್ಟ್‌ನಲ್ಲಿ ರಿಲಯನ್ಸ್, ಫ್ಯೂಚರ್ ಸಮೂಹದ ಚಿಲ್ಲರೆ, ಸಗಟು ಮತ್ತು ಗೋದಾಮು ವ್ಯವಹಾರಗಳನ್ನು 24,713 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ಪ್ರಕಟಿಸಿತು. ತನ್ನ ಒಪ್ಪಂದದ ಪ್ರಕಾರ ರಿಲಯನ್ಸ್‌ಗೆ ಮಾರುವಂತಿಲ್ಲವೆಂದು ಅಮೆಜಾನ್ ಸಿಂಗಪುರದ ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಗಿ ಅಕ್ಟೋಬರ್‌ನಲ್ಲಿ ತಡೆ ತಂದಿತು. ನವೆಂಬರ್‌ನಲ್ಲಿ ನಮ್ಮ ಸ್ಪರ್ಧಾ ಆಯೋಗ ರಿಲಯನ್ಸ್ ಸ್ವಾಧೀನಕ್ಕೆ ಒಪ್ಪಿಗೆಯಿತ್ತಿತು. 2021ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಸಿಂಗಪುರದ ತುರ್ತು ಆದೇಶ ಇಲ್ಲಿಯೂ ಊರ್ಜಿತವೆಂದಿತು. ಡಿಸೆಂಬರ್‌ನಲ್ಲಿ ಆಯೋಗವು, 2019ರಲ್ಲಿ ಅಮೆಜಾನ್ ತನ್ನ ಹೂಡಿಕೆಯ ನಿಜವಾದ ಉದ್ದೇಶವನ್ನು ಮರೆಮಾಚಿತ್ತೆಂದು ಹೇಳಿ ತಾನೇ ಕೊಟ್ಟ ಒಪ್ಪಿಗೆಯನ್ನು ಅಮಾನತಿನಲ್ಲಿಟ್ಟು 200 ಕೋಟಿಗೂ ಹೆಚ್ಚು ದಂಡ ವಿಧಿಸಿತು. 2022ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಇದನ್ನು ಎತ್ತಿಹಿಡಿಯಿತು.

ಕಾಗದದ ಮೇಲೆ ಇಷ್ಟೆಲ್ಲ ನಡೆಯುತ್ತಿರುವಾಗ ನೆಲದ ಮೇಲೆ ಬೇರೆಯೇ ನಡೆಯಿತು. ಬಾಡಿಗೆ ಕಟ್ಟಲಾಗದ ಫ್ಯೂಚರ್ ಮಳಿಗೆಗಳ ಗುತ್ತಿಗೆಗಳನ್ನು ರಿಲಯನ್ಸ್ ತನ್ನ ಹೆಸರಿಗೆ ಮಾಡಿಸಿಕೊಂಡಿತ್ತು. 2022ರ ಫೆಬ್ರುವರಿ ಕೊನೆಯಲ್ಲಿ ನೂರಾರು ಮಳಿಗೆಗಳು ಕೆಲವೇ ದಿನಗಳಲ್ಲಿ ಕೈಬದಲಾದವು. ಏಪ್ರಿಲ್‌ನಲ್ಲಿ ಸಾಲ ಕೊಟ್ಟ ಬ್ಯಾಂಕುಗಳು ಮಾರಾಟದ ಯೋಜನೆಯನ್ನು ತಿರಸ್ಕರಿಸಿದವು. 24,713 ಕೋಟಿಯ ವ್ಯವಹಾರ ರದ್ದಾಯಿತು. ಜುಲೈಯಲ್ಲಿ ಫ್ಯೂಚರ್ ರಿಟೇಲ್ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. 2024ರ ಜುಲೈಯಲ್ಲಿ ಕಂಪನಿಯನ್ನು ಮುಚ್ಚಿ ಆಸ್ತಿ ವಿಲೇವಾರಿ ಮಾಡುವ ಆದೇಶ ಬಂತು.

ಇಬ್ಬರು ದೈತ್ಯರಲ್ಲಿ ಯಾರು ನ್ಯಾಯವಂತರು ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ನಾವು ಗಮನಿಸಬೇಕಾದದ್ದು ಎರಡು ಸಂಗತಿಗಳನ್ನು. ಮೊದಲನೆಯದು: ಈ ಹೋರಾಟದ ದೊಡ್ಡ ಭಾಗ ಒಬ್ಬ ಹೂಡಿಕೆದಾರನ ಒಪ್ಪಂದದ ಹಕ್ಕಿನ ಬಗ್ಗೆ ನಡೆಯಿತೇ ಹೊರತು ಗ್ರಾಹಕನ ಆಯ್ಕೆಯ ಬಗ್ಗೆ ಅಲ್ಲ. ಸರಕು ಕೊಟ್ಟು ಹಣಕ್ಕೆ ಕಾದ ಪೂರೈಕೆದಾರನೂ ಮಳಿಗೆಯಲ್ಲಿ ದುಡಿದ ನೌಕರನೂ ಈ ವಾದಗಳಲ್ಲಿ ಬದಿಗೆ ನಿಂತವರು. ಎರಡನೆಯದು: ಔಪಚಾರಿಕ ಸ್ವಾಧೀನ ಕೊನೆಗೂ ನಡೆಯಲೇ ಇಲ್ಲ, ಆದರೂ ಮಳಿಗೆಗಳು ಕೈಬದಲಾದವು. ಕಾಯ್ದೆಯ ಬಾಗಿಲು ಕಂಪನಿ ಕೊಳ್ಳುವ ದಾರಿಯಲ್ಲಿದೆ. ಊರಿನ ಮಟ್ಟಿಗೆ ಅಂಗಡಿಯೆಂದರೆ ಮೊದಲು ಜಾಗ, ಆಮೇಲೆ ಕಂಪನಿ.

ಸಗಟು ಕೈತಪ್ಪಿದರೆ

ಚಿಲ್ಲರೆ ಅಂಗಡಿಯ ಅಳಿವು ಉಳಿವು ಅದರ ಮುಂಬಾಗಿಲಿಗಿಂತ ಹಿಂಬಾಗಿಲಿನಲ್ಲಿ ತೀರ್ಮಾನವಾಗುತ್ತದೆ. ಅಂಗಡಿಯವನು ಸರಕನ್ನು ಎಲ್ಲಿಂದ, ಯಾವ ದರದಲ್ಲಿ ತರುತ್ತಾನೆ ಎಂಬುದೇ ಮುಖ್ಯ. ಜರ್ಮನಿಯ ಮೆಟ್ರೊ ಸಂಸ್ಥೆ 2003ರಲ್ಲಿ ಬೆಂಗಳೂರಿನಿಂದ ಆರಂಭಿಸಿ, ದೇಶದಲ್ಲಿ 31 ಸಗಟು ಮಳಿಗೆಗಳನ್ನು ಕಟ್ಟಿತ್ತು. ಕಿರಾಣಿ ಅಂಗಡಿಗಳೂ ಹೋಟೆಲುಗಳೂ ಅದರ ಗಿರಾಕಿಗಳು. 2022ರ ಡಿಸೆಂಬರ್‌ನಲ್ಲಿ ರಿಲಯನ್ಸ್ ಅದನ್ನು 2,850 ಕೋಟಿ ರೂಪಾಯಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. 2023ರ ಮಾರ್ಚ್‌ನಲ್ಲಿ ಆಯೋಗ ಒಪ್ಪಿತು. ಅಲ್ಲಿಂದಾಚೆಗೆ ಅಂಗಡಿಯವನಿಗೆ ಸರಕು ಮಾರುವವನೂ ಅದೇ ಬೀದಿಯಲ್ಲಿ ಗ್ರಾಹಕನಿಗೆ ಮಾರುವವನೂ ಒಬ್ಬನೇ ಆಗುವ ಸಾಧ್ಯತೆ ಹುಟ್ಟಿತು. ಇದು ತಾನಾಗಿಯೇ ಅಕ್ರಮವಲ್ಲ. ಆದರೆ ಯಾವ ಅಂಗಡಿ ಏನನ್ನು ಎಷ್ಟು ಮಾರುತ್ತದೆ ಎಂಬ ಮಾಹಿತಿ ಅದರ ಪ್ರತಿಸ್ಪರ್ಧಿಗೇ ಸಿಗುವ ವ್ಯವಸ್ಥೆ ಇದು.

ಜತ್ತ, ಅಕ್ಕಲಕೋಟೆ ಭಾಗದ ಓದುಗರಿಗೆ 2021ರ ಕೊನೆಯ ತಿಂಗಳುಗಳು ನೆನಪಿರಬಹುದು. ಜತ್ತ ತಾಲ್ಲೂಕಿರುವ ಸಾಂಗ್ಲಿ ಜಿಲ್ಲೆಯ ವಿಟಾ ಪಟ್ಟಣದಲ್ಲಿ, ಅಂಗಡಿಗಳು ವಿತರಕರನ್ನು ಬಿಟ್ಟು ಜಿಯೊಮಾರ್ಟ್ ಆ್ಯಪ್‌ನಲ್ಲಿ ಸರಕು ತರಿಸಿಕೊಳ್ಳತೊಡಗಿದ್ದನ್ನು ರಾಯಿಟರ್ಸ್ ವರದಿ ಮಾಡಿತ್ತು. ಆ್ಯಪ್‌ನಲ್ಲಿ ಬೆಲೆ ಕಡಿಮೆ. ಸಾಂಪ್ರದಾಯಿಕ ವಿತರಕನಿಗೆ ಕಂಪನಿ ಕೊಡುವ ದರದಲ್ಲಿ ಅಷ್ಟು ಇಳಿಸಲು ಜಾಗವೇ ಇರಲಿಲ್ಲ. ಸಮಾನ ದರ ಕೊಡಬೇಕೆಂದು ವಿತರಕರ ಒಕ್ಕೂಟ ಪಟ್ಟು ಹಿಡಿಯಿತು. 2022ರ ಜನವರಿಯ ಹೊತ್ತಿಗೆ ಮಹಾರಾಷ್ಟ್ರದ ವಿತರಕರು ಕೋಲ್ಗೇಟ್‌ನ ಕೆಲವು ಸರಕುಗಳನ್ನು ನಿಲ್ಲಿಸಿಯೇಬಿಟ್ಟರು. ಸಣ್ಣ ಅಂಗಡಿಯವನಿಗೆ ಆ ಆ್ಯಪ್ ಅನುಕೂಲವೇ ಆಗಿತ್ತು ಎಂಬುದನ್ನೂ ಹೇಳಬೇಕು. ತೊಂದರೆ ಇರುವುದು ಮುಂದೆ: ಊರಿನ ವಿತರಕರು ಒಬ್ಬೊಬ್ಬರಾಗಿ ಬಾಗಿಲು ಹಾಕಿದ ಮೇಲೆ ಆ್ಯಪ್ ದರ ಏರಿಸಿದರೆ, ಅಂಗಡಿಯವನು ಯಾರ ಬಳಿಗೆ ಹೋಗಬೇಕು?

ಅಗ್ಗದ ಬೆಲೆ ಕೆಟ್ಟದ್ದೇ?

ಬೆಲೆ ಇಳಿಯುವುದನ್ನು ನಾವು ದೂಷಿಸುವುದಿಲ್ಲ. ಕೂಲಿಯಿಂದ ಬದುಕುವ ಮನೆಯಲ್ಲಿ ಎಣ್ಣೆಯ ಮೇಲೆ ಇಪ್ಪತ್ತು ರೂಪಾಯಿ ಉಳಿದರೆ ಅದು ಮಗುವಿನ ನೋಟ್ ಪುಸ್ತಕವಾಗುತ್ತದೆ. ಊರಿನ ಅಂಗಡಿಗಳಲ್ಲಿ ದೋಷವಿಲ್ಲವೆಂದೂ ಹೇಳುವುದಿಲ್ಲ. ಅವಧಿ ಮೀರಿದ ಪೊಟ್ಟಣ, ರಸೀದಿ ಕೊಡದ ವ್ಯಾಪಾರ, ಬೇಡಿಕೆ ಕಂಡಾಗ ಏರುವ ದರ ಎಲ್ಲರೂ ಕಂಡದ್ದೇ. ಸ್ಪರ್ಧೆ ಬಂದಾಗ ಇವು ತಿದ್ದಿಕೊಂಡದ್ದೂ ಉಂಟು. ಕರುಣೆಯಿಂದ ಅಂಗಡಿಗಳನ್ನು ಉಳಿಸಿ ಎಂಬುದು ನಮ್ಮ ವಾದವಲ್ಲ.

ಸ್ಪರ್ಧೆಯಿಂದ ಇಳಿದ ಬೆಲೆಗೂ ಸ್ಪರ್ಧೆಯನ್ನು ಮುಗಿಸಲು ಇಳಿಸಿದ ಬೆಲೆಗೂ ವ್ಯತ್ಯಾಸವಿದೆ. ಮೊದಲನೆಯದು ಉಳಿಯುತ್ತದೆ, ಎರಡನೆಯದು ಎದುರಾಳಿ ಉಳಿದಿರುವವರೆಗೆ ಮಾತ್ರ ಇರುತ್ತದೆ. ಇವೆರಡನ್ನು ಬೇರ್ಪಡಿಸಲು ಅಸಲು ಎಷ್ಟೆಂದು ತಿಳಿಯಬೇಕು. ಅದನ್ನು ಲೆಕ್ಕಹಾಕುವ ಹೊಸ ನಿಯಮಾವಳಿಯನ್ನು ಆಯೋಗ 2025ರ ಮೇ ತಿಂಗಳಲ್ಲಿ ಹೊರಡಿಸಿದೆ. ಆದರೆ ಆ ಅಳತೆಗೋಲು ಬಳಕೆಗೆ ಬರಬೇಕಾದರೆ ಮಾರಿದವನು 'ಪ್ರಬಲ'ನೆಂದು ಮೊದಲು ಸಾಬೀತಾಗಬೇಕು. ಪ್ರಬಲನೆನ್ನಲು ಮಾರುಕಟ್ಟೆಯ ಗೆರೆ ಬೇಕು. ಹೀಗೆ ಮಾತು ಮರಳಿ ಗೆರೆಗೇ ಬರುತ್ತದೆ.

ಅಂಗಡಿಯ ಭಾಷೆ

ಕಾನೂನಿನ ಪಟ್ಟಿಯಲ್ಲಿ 'ಭಾಷೆ' ಎಂಬ ಪದ ಯಾಕಿದೆ ಎಂಬುದು ಗಡಿಯ ಅಂಗಡಿಯ ಮುಂದೆ ನಿಂತರೆ ತಿಳಿಯುತ್ತದೆ. 2011ರ ಪೊಟ್ಟಣ ಸರಕುಗಳ ನಿಯಮದ ಪ್ರಕಾರ ತೂಕ, ಬೆಲೆ, ತಯಾರಾದ ದಿನಾಂಕದಂಥ ವಿವರಗಳು ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇದ್ದರೆ ಸಾಕು. ಬೇರೆ ಭಾಷೆಗಳನ್ನು ಹೆಚ್ಚುವರಿಯಾಗಿ ಬಳಸಬಹುದು, ಬಳಸಲೇಬೇಕೆಂದಿಲ್ಲ. ಕನ್ನಡವೊಂದನ್ನೇ ಓದಬಲ್ಲ ಅಜ್ಜಿಗೆ ಆ ಪೊಟ್ಟಣವನ್ನು ಓದಿ ಹೇಳುವವನು ಅಂಗಡಿಯವನು. ಕನ್ನಡ ಅಕ್ಷರಮಾಲೆಯ ಪಟ, ಕಾಪಿ ಪುಸ್ತಕ, ಶಾಲೆಯ ಸಮವಸ್ತ್ರದ ಬಟ್ಟೆ ಎಷ್ಟು ಬೇಕೆಂದು ಜೂನ್‌ಗೆ ಮೊದಲೇ ಅಂದಾಜಿಸಿ ತರಿಸುವವನೂ ಅವನೇ. ಶಾಲೆಯಲ್ಲಿ ಅರುವತ್ತು ಮಕ್ಕಳಿದ್ದಾರೆ ಎಂಬುದು ಅವನಿಗೆ ಗೊತ್ತು. ರಾಜ್ಯದ ರಾಜಧಾನಿಯಲ್ಲಿ ಕುಳಿತು ಸರಕಿನ ಪಟ್ಟಿ ಮಾಡುವವನಿಗೆ ಆ ಅರುವತ್ತು ಒಂದು ಸಂಖ್ಯೆಯೂ ಅಲ್ಲ. ಮಲಯಾಳದ, ತಮಿಳಿನ, ಮರಾಠಿಯ, ತೆಲುಗಿನ ಬೇಡಿಕೆಯ ಮೊತ್ತದೊಳಗೆ ಕನ್ನಡದ ಬೇಡಿಕೆ ಕರಗಿಹೋಗುತ್ತದೆ.

ಸಂಬಳ ತಡವಾದ ತಿಂಗಳು ಉದ್ರಿ ಬರೆದುಕೊಳ್ಳುವವನೂ ಅವನೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ನಾಲ್ಕು ಅಂಗಡಿಗಳಿರುವಲ್ಲಿ ಒಂದು ಮುಚ್ಚಿದರೆ ವ್ಯಾಪಾರ ಮಾತ್ರ ಕಡಿಮೆಯಾಗುತ್ತದೆ. ನಾಲ್ಕೂ ಮುಚ್ಚಿದರೆ ಪೇಟೆಯಲ್ಲಿ ಕನ್ನಡದಲ್ಲಿ ವ್ಯವಹರಿಸುವ ಜಾಗವೇ ಇಲ್ಲವಾಗುತ್ತದೆ. ಪೇಟೆಯಲ್ಲಿ ಕೇಳಿಸದ ಭಾಷೆಯನ್ನು ಶಾಲೆಯಲ್ಲಿ ಕಲಿಸುವುದು ಎಷ್ಟು ಕಷ್ಟವೆಂದು ಶಿಕ್ಷಕರಾದ ನಾವು ಬಲ್ಲೆವು.

ನಮ್ಮದೇ ಒಂದು ಉದಾಹರಣೆ

ಪ್ರಾಬಲ್ಯವನ್ನು ಎದುರಿಸಲು ಕಾನೂನೊಂದೇ ದಾರಿಯಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ಕುಸಿದು, ಬೆಳೆಗಾರನು ಖಾಸಗಿ ವರ್ತಕನು ಹೇಳಿದ ದರಕ್ಕೆ ಕೊಡಬೇಕಾದ ಸ್ಥಿತಿ ಬಂದಿತ್ತು. ಕೊಳ್ಳುವವರ ಕೈ ಮೇಲಾದಾಗಲೂ ಮಾರುಕಟ್ಟೆ ಅಷ್ಟೇ ಕೆಡುತ್ತದೆ. ಆಗ ದಕ್ಷಿಣ ಕನ್ನಡ ಮತ್ತು ಕಾಸರಗೋಡು ಭಾಗದ ಬೆಳೆಗಾರರು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳನ್ನು ಒಳಗೊಂಡ ಸಹಕಾರಿ ಸಂಸ್ಥೆ ಅದು. ವರ್ತಕರನ್ನು ಓಡಿಸದೆ, ಅವರ ಎದುರು ಇನ್ನೊಬ್ಬ ಕೊಳ್ಳುವವನನ್ನು ನಿಲ್ಲಿಸಿತು. ರಾಜ್ಯದ ಗಡಿ ಬೆಳೆಗಾರರ ಒಗ್ಗಟ್ಟಿಗೆ ಅಡ್ಡಿಯಾಗಲಿಲ್ಲ. ಸಣ್ಣ ಅಂಗಡಿಗಳು ಒಟ್ಟಾಗಿ ಸಗಟು ಖರೀದಿ ಮಾಡುವ ಸಂಘಗಳನ್ನು ಕಟ್ಟಿಕೊಳ್ಳಬಹುದು ಎನ್ನಲು ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಆಗಬೇಕಾದದ್ದು

ಮೊದಲನೆಯದಾಗಿ, ಸ್ವಾಧೀನಗಳ ತಪಾಸಣೆಯಲ್ಲಿ ಸ್ಥಳೀಯ ಪಾಲಿಗೂ ಬೆಲೆ ಬರಬೇಕು. 2024ರಲ್ಲಿ ಪರಿಷ್ಕೃತವಾದ ನಿಯಮದಂತೆ, ಕೊಳ್ಳಲ್ಪಡುವ ಸಂಸ್ಥೆಯ ಭಾರತದಲ್ಲಿನ ಆಸ್ತಿ 450 ಕೋಟಿ ರೂಪಾಯಿ ಅಥವಾ ವಹಿವಾಟು 1,250 ಕೋಟಿ ರೂಪಾಯಿ ಮೀರದಿದ್ದರೆ ಸಾಮಾನ್ಯವಾಗಿ ಆಯೋಗದ ಅನುಮತಿ ಬೇಕಿಲ್ಲ. ವ್ಯವಹಾರದ ಮೌಲ್ಯ 2,000 ಕೋಟಿ ದಾಟಿದರೆ ಮಾತ್ರ ಈ ವಿನಾಯಿತಿ ಇಲ್ಲ. ಅಂದರೆ ಎರಡು ಮೂರು ಜಿಲ್ಲೆಗಳನ್ನು ಆಳುವ ಒಂದು ಸರಣಿ ಮಳಿಗೆಯನ್ನು ರಾಷ್ಟ್ರಮಟ್ಟದ ಕಂಪನಿ ಯಾರನ್ನೂ ಕೇಳದೆ ಕೊಳ್ಳಬಹುದು. ದೆಹಲಿಗೆ ಅದು ಸಣ್ಣ ವ್ಯವಹಾರ. ಆ ಜಿಲ್ಲೆಗಳಿಗೆ ಅದೇ ಇಡೀ ಪೇಟೆ.

ಎರಡನೆಯದಾಗಿ, ಜಂಟಿ ಪ್ರಾಬಲ್ಯವನ್ನು ಕಾಯ್ದೆ ಗುರುತಿಸಬೇಕು. ಮೂರನೆಯದಾಗಿ, ಹಾನಿಯಾದ ಮೇಲೆ ಐದು ವರ್ಷ ಕಾಯುವ ಬದಲು ದೊಡ್ಡ ಡಿಜಿಟಲ್ ವೇದಿಕೆಗಳಿಗೆ ಮುಂಚಿತವಾಗಿಯೇ ನಿಯಮ ಹಾಕುವ ಡಿಜಿಟಲ್ ಸ್ಪರ್ಧಾ ಮಸೂದೆಯ ಚರ್ಚೆ ನಿಲ್ಲಬಾರದು. ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿ 2022ರಲ್ಲಿ ಇದನ್ನು ಸೂಚಿಸಿತ್ತು, 2024ರ ಮಾರ್ಚ್‌ನಲ್ಲಿ ಕರಡು ಪ್ರಕಟವಾಗಿತ್ತು. ಹೊಸ ಉದ್ಯಮಗಳಿಗೆ ತೊಡಕಾದೀತೆಂಬ ಆಕ್ಷೇಪದಲ್ಲಿಯೂ ಹುರುಳಿದೆ. ಆದುದರಿಂದಲೇ ಮಿತಿಗಳನ್ನು ಎಚ್ಚರದಿಂದ ನಿಗದಿಪಡಿಸಬೇಕು.

ನಾಲ್ಕನೆಯದಕ್ಕೆ ಹೊಸ ಕಾನೂನೇ ಬೇಡ. 19ನೆಯ ಕಲಮಿನಲ್ಲಿರುವ 'ಭಾಷೆ' ಎಂಬ ಅಂಶವನ್ನು ಯಾರಾದರೂ ಆಯೋಗದ ಮುಂದೆ ಎತ್ತಬೇಕು. ಸ್ಪರ್ಧಾ ಕಾಯ್ದೆಯಡಿ ವ್ಯಕ್ತಿಯೇ ಆಗಲಿ, ಗ್ರಾಹಕರ ಅಥವಾ ವ್ಯಾಪಾರಿಗಳ ಸಂಘವೇ ಆಗಲಿ ಶುಲ್ಕ ಕಟ್ಟಿ ಮಾಹಿತಿ ಸಲ್ಲಿಸಬಹುದು. ದೂರು ಕೊಡುವವನು ಸ್ವತಃ ನಷ್ಟ ಅನುಭವಿಸಿದವನೇ ಆಗಿರಬೇಕೆಂದಿಲ್ಲ. ಆದರೆ ಬರಿಯ ಅಳಲಿಗೆ ಅಲ್ಲಿ ಬೆಲೆಯಿಲ್ಲ, ದಾಖಲೆ ಬೇಕು. ಯಾವ ಸರಕಿಗೆ ಯಾವ ದಿನ ಎಲ್ಲಿ ಎಷ್ಟು ದರವಿತ್ತು, ವಿತರಕನಿಗೆ ಬಿದ್ದ ಅಸಲೆಷ್ಟು, ಮಾರುಕಟ್ಟೆಗೆ ಬರುವ ಗ್ರಾಹಕರು ಎಷ್ಟು ದೂರದವರು, ಯಾವ ಭಾಷೆಯವರು ಎಂಬುದನ್ನು ರಸೀದಿ ಸಮೇತ ಬರೆದಿಡಬೇಕು. ನಮ್ಮ ಪಟ್ಟಣಗಳ ವ್ಯಾಪಾರಿ ಸಂಘಗಳಿಗೆ ಈ ಕೆಲಸ ಅಸಾಧ್ಯವಲ್ಲ. ಶಾಲೆಯ ಮೇಲ್ತರಗತಿಯ ಮಕ್ಕಳು ಗಣಿತ ಮತ್ತು ಸಮಾಜ ಪಾಠದ ಚಟುವಟಿಕೆಯಾಗಿ ತಮ್ಮ ಪೇಟೆಯ ಅಂಗಡಿಗಳ, ದರಗಳ ಸಮೀಕ್ಷೆ ಮಾಡಬಹುದು. ಪೋಷಕರ ಸಭೆಗಳಲ್ಲಿ ಅದನ್ನು ಓದಬಹುದು.

ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಯಾರು ಗೆದ್ದರೂ, ತಾಲ್ಲೂಕು ಪಟ್ಟಣವೊಂದು ತನ್ನಷ್ಟಕ್ಕೆ ಒಂದು ಮಾರುಕಟ್ಟೆಯೆಂದು ಎಣಿಸಲ್ಪಡುವುದು ಆ ತೀರ್ಪಿನಿಂದಲೇ ಆಗುವ ಕೆಲಸವಲ್ಲ. ಭೂಪಟದ ಗೆರೆ ಎಳೆಯುವಾಗ ನಮ್ಮನ್ನು ಯಾರೂ ಸರಿಯಾಗಿ ಕೇಳಲಿಲ್ಲ ಎಂಬ ನೋವು ಗಡಿನಾಡಿನಲ್ಲಿ ಇಂದಿಗೂ ಇದೆ. ಮಾರುಕಟ್ಟೆಯ ಗೆರೆ ಎಳೆಯುವಾಗ ನಮ್ಮ ಮಾತು ಹೇಳಲು ಕಾಯ್ದೆ ಅವಕಾಶ ಕೊಟ್ಟಿದೆ. ಬರುವ ಜೂನ್‌ನಲ್ಲಿ ಶಾಲೆ ತೆರೆಯುವ ಮುನ್ನ ಪ್ರತಿ ಊರಿನ ವ್ಯಾಪಾರಿ ಸಂಘವೂ ಪೋಷಕರ ಸಂಘವೂ ಒಮ್ಮೆಯಾದರೂ ಒಟ್ಟಿಗೆ ಕುಳಿತು ತಮ್ಮ ಪೇಟೆಯ ಲೆಕ್ಕವನ್ನು ಬರೆಯಲು ಆರಂಭಿಸಲಿ ಎಂದು ನಾವು ಕೋರುತ್ತೇವೆ.